ಈಸ್ಟರ್ ರಜೆ, ಮಾರಿಯಮ್ಮನ ಕೊಂಡ ಮತ್ತು ಅಕ್ಟೋಬರಿನ ಫುಟ್‌ಬಾಲ್

ದಕ್ಷಿಣ ಭಾರತ ಮೂಲದ ಹಿಂದೂಗಳ ಸಂಘಟನೆಯೊಂದು ತನ್ನ ವಾರ್ಷಿಕ ಸಮಾವೇಶವನ್ನು ಯುಗಾದಿ, ಸಂಕ್ರಾಂತಿಗಳನ್ನೆಲ್ಲ ಬಿಟ್ಟು ಕ್ರೈಸ್ತರ ಈಸ್ಟರ್ ದಿನಗಳಲ್ಲಿ ಏಕೆ ನಡೆಸಬೇಕು? ಆ ಸಮಾವೇಶದಲ್ಲಿ ಜನ ಕಿಕ್ಕಿರಿದು ಸೇರುವುದು ಪೂಜೆಯ ಮಂಟಪದ ಮುಂದಲ್ಲ, ಫುಟ್‌ಬಾಲ್ ಮೈದಾನದ ಸುತ್ತ, ಅದಾದರೂ ಏಕೆ? ಫಿಜಿಯಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಈ ಎರಡು ಪ್ರಶ್ನೆಗಳು ನನ್ನ ಬೆನ್ನು ಬಿಡಲಿಲ್ಲ. ಸಂಘಟನೆಯ ಹೆಸರು ತೆನ್ ಇಂಡಿಯಾ ಸನ್ಮಾರ್ಗ ಐಕ್ಯ ಸಂಗಮ. ಗಿರ್ಮಿಟ್, ಅಂದರೆ ಕರಾರಿನ, ಕೂಲಿಯಾಗಿ ಅಲ್ಲಿಗೆ ಬಂದಿದ್ದ ಸಾಧು ಕುಪ್ಪುಸ್ವಾಮಿಯವರು 1926ರಲ್ಲಿ ನಾಂದಿಯಲ್ಲಿ ಅದನ್ನು ಕಟ್ಟಿದರು. ಶಾಲೆಗಳು, ದೇವಸ್ಥಾನಗಳು, ದಾದಿಯರ ಕಾಲೇಜು ಎಲ್ಲವನ್ನೂ ನಡೆಸುವ ಗಟ್ಟಿ ಸಂಸ್ಥೆಯದು. ತಮಿಳು, ತೆಲುಗು, ಮಲಯಾಳಗಳು ಅದರ ಭಾಷೆಗಳು. ಕನ್ನಡಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲದಿದ್ದರೂ ಸಾಂಬಾರು ಮಾಡಿಕೊಂಡು ಉಣ್ಣುವವನೆಂಬ ಒಂದೇ ಆಧಾರದ ಮೇಲೆ ನನ್ನನ್ನು ಎಲ್ಲರೂ ಸಂಗಮದವನೆಂದೇ ಎಣಿಸಿದ್ದರು.

ನಾನು ಬಾಡಿಗೆಗಿದ್ದದ್ದು ರಾಜಧಾನಿ ಸುವಾಕ್ಕೆ ಅಂಟಿಕೊಂಡಿರುವ ನಾಸಿನುವಿನಲ್ಲಿ. ಮನೆಯ ಯಜಮಾನರು ಮೇಲಿನ ಅಂತಸ್ತಿನಲ್ಲಿದ್ದರು. ಅವರನ್ನು ಬೀದಿಯವರೆಲ್ಲ ಚಾಚಾ ಎನ್ನುತ್ತಿದ್ದುದರಿಂದ ನಾನೂ ಚಾಚಾ ಎಂದೇ ಕರೆಯುತ್ತಿದ್ದೆ. ಅವರ ಅಜ್ಜ ಮದರಾಸಿನಲ್ಲಿ ಹಡಗು ಹತ್ತಿದವರು. ಚಾಚಾರಿಗೆ ತಮಿಳಿನಲ್ಲಿ ದೇವರ ಹಾಡುಗಳು ಮಾತ್ರ ಬರುತ್ತಿದ್ದವು, ಮಿಕ್ಕ ಮಾತೆಲ್ಲ ಫಿಜಿ ಹಿಂದಿ. ನನ್ನ ಪ್ರಶ್ನೆಯನ್ನು ಅವರ ಮುಂದಿಟ್ಟಾಗ ಅವರಿಗೆ ಅದೊಂದು ಪ್ರಶ್ನೆಯಾಗಿಯೇ ಕಾಣಲಿಲ್ಲ. ‘ಸಾಲಾಗಿ ನಾಲ್ಕು ದಿನ ರಜೆ ವರ್ಷದಲ್ಲಿ ಇನ್ಯಾವಾಗ ಸಿಗುತ್ತದೆ?’ ಎಂದರು. ಗುಡ್ ಫ್ರೈಡೇಯಿಂದ ಈಸ್ಟರ್ ಸೋಮವಾರದವರೆಗೆ ದೇಶವೇ ಬಾಗಿಲು ಹಾಕಿಕೊಳ್ಳುವುದರಿಂದ ನಡುಗಡ್ಡೆಯಿಂದ ನಡುಗಡ್ಡೆಗೆ ದೋಣಿಯಲ್ಲಿ ಬಂದು, ಆಡಿ, ನೆಂಟರನ್ನು ಕಂಡು, ಹೆಣ್ಣು ಗಂಡು ನೋಡಿ, ಮರಳಿ ಹೋಗಲು ಸಾಕಾಗುವ ಬಿಡುವು ಅದೊಂದೇ. ಚಾಚಾರ ಉತ್ತರ ಸರಿಯಾಗಿಯೇ ಇತ್ತು. ಆದರೆ ರಜೆ ಎಂಬುದು ಆ ಜನರಿಗೆ ಎಲ್ಲಿಂದ ಬಂತು, ಅದನ್ನು ಕೊಟ್ಟವರು ಯಾರು ಎಂದು ಯೋಚಿಸತೊಡಗಿದ ಮೇಲೆ ನನಗೆ ಫಿಜಿಯ ಹಬ್ಬಗಳೆಲ್ಲ ಬೇರೆಯದೇ ರೀತಿಯಲ್ಲಿ ಕಾಣತೊಡಗಿದವು.

ಗಿರಣಿಯ ಪಂಚಾಂಗ

1879ರ ಮೇ 14ರಂದು ‘ಲಿಯೊನಿದಾಸ್’ ಹಡಗು ಮೊದಲ ತಂಡದ ಕೂಲಿಗಳನ್ನು ತಂದು ಮುಟ್ಟಿಸಿದ ಮೇಲೆ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿ ಫಿಜಿಯ ಕಬ್ಬಿನ ಗದ್ದೆಗಳಿಗೆ ಹೋದರು. ಮದರಾಸಿನಿಂದ ಹಡಗುಗಳು ಹೊರಡತೊಡಗಿದ್ದು 1903ರಿಂದ. ಒಟ್ಟು ಬಂದವರಲ್ಲಿ ಸುಮಾರು ಕಾಲು ಭಾಗ ದಕ್ಷಿಣದವರು. ಈ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಆ ಜನ ಹಡಗಿನಲ್ಲಿ ದೇವರನ್ನು ಹೊತ್ತೊಯ್ದರೂ ಪಂಚಾಂಗವನ್ನು ಒಯ್ಯಲು ಆಗಲಿಲ್ಲ. ಯಾವ ದಿನ ಕೆಲಸ, ಯಾವ ದಿನ ಬಿಡುವು ಎಂಬುದನ್ನು ತೀರ್ಮಾನಿಸುತ್ತಿದ್ದುದು ಸಿಡ್ನಿಯಲ್ಲಿ ಕೇಂದ್ರ ಕಚೇರಿಯಿದ್ದ ಸಕ್ಕರೆ ಕಂಪನಿ. ಜೂನ್ ಹೊತ್ತಿಗೆ ಕಬ್ಬು ಅರೆಯುವುದು ಶುರುವಾದರೆ ನವೆಂಬರಿನವರೆಗೆ ಗಿರಣಿಯ ಚಿಮಣಿ ಆರುವುದಿಲ್ಲ. ನಮ್ಮ ಗಣೇಶ ಚೌತಿ, ನವರಾತ್ರಿ, ದೀಪಾವಳಿಗಳು ಬರುವುದು ಸರಿಯಾಗಿ ಆ ತಿಂಗಳುಗಳಲ್ಲಿಯೇ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಇವೆರಡರ ನಡುವೆ ಉಳಿಯುವ ಸಂದಿಯಲ್ಲಿ, ಮಳೆಗಾಲದ ಬಾಲದಲ್ಲಿ, ಈಸ್ಟರ್ ಬರುತ್ತದೆ.

ಗಿರ್ಮಿಟ್ ದಿನಗಳಲ್ಲಿ ಕೂಲಿ ಲೈನುಗಳ ಅತಿ ದೊಡ್ಡ ಹಬ್ಬ ದೀಪಾವಳಿಯಾಗಲಿ ರಾಮನವಮಿಯಾಗಲಿ ಆಗಿರಲಿಲ್ಲ, ಮೊಹರಂ ಆಗಿತ್ತು ಎಂಬುದನ್ನು ಓದಿದಾಗ ನನಗೆ ಮೊದಲು ಸೋಜಿಗವಾಯಿತು. ಹಿಂದೂಗಳೂ ಮುಸ್ಲಿಮರೂ ಕೂಡಿ ತಾಜಿಯಾ ಕಟ್ಟಿ, ಮೆರವಣಿಗೆ ಮಾಡಿ, ನೀರಿಗೆ ಬಿಡುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಲಾವಿ ನೋಡಿ ಬೆಳೆದವರಿಗೆ ಇದರಲ್ಲಿ ಸೋಜಿಗಪಡುವಂಥದ್ದು ಏನೂ ಇರಲಾರದು. ನಾನು ಬೆಳೆದದ್ದು ಮೈಸೂರಿನ ಅಗ್ರಹಾರದ ಬದಿಯಲ್ಲಾದ್ದರಿಂದ ನನಗೆ ಹಾಗನಿಸಿರಬೇಕು. ತೋಟದ ದೊರೆಗಳು ಆ ದಿನಕ್ಕೆ ಬಿಡುವು ಕೊಡುತ್ತಿದ್ದರೆಂಬುದೂ ಅದರ ದೊಡ್ಡಸ್ತಿಕೆಗೆ ಒಂದು ಕಾರಣ. 1920ರಲ್ಲಿ ಕರಾರುಗಳೆಲ್ಲ ರದ್ದಾದ ಮೇಲೆ ಉತ್ತರದಿಂದ ಬಂದ ಪ್ರಚಾರಕರು ಹಿಂದೂಗಳಿಗೆ ಹಿಂದೂ ಹಬ್ಬ, ಮುಸ್ಲಿಮರಿಗೆ ಮುಸ್ಲಿಂ ಹಬ್ಬವೆಂದು ವಿಂಗಡಿಸಿದರು. ಹೋಳಿಯ ಫಗುವಾ ಮಂಡಳಿಗಳು, ರಾಮಲೀಲೆಗಳು ಮುಂದೆ ಬಂದವು, ತಾಜಿಯಾ ಹಿಂದೆ ಸರಿಯಿತು. ಇಂದು ದೀಪಾವಳಿಗೂ ಪ್ರವಾದಿಯವರ ಜನ್ಮದಿನಕ್ಕೂ ಫಿಜಿ ಸರ್ಕಾರ ರಜೆ ಕೊಡುತ್ತದೆ, ದೀಪಾವಳಿಯ ರಾತ್ರಿ ಇತೌಕೇ ಮೂಲನಿವಾಸಿಗಳ ಮನೆಗಳ ಮುಂದೆಯೂ ಮೇಣದ ಬತ್ತಿಗಳ ಸಾಲಿರುತ್ತದೆ. ಹಾಗಿದ್ದೂ ಚಾಚಾರಂಥವರಿಗೆ ಆ ವರ್ಷ ಹೇಗಿತ್ತೆಂದು ನೆನಪಿಸಿಕೊಳ್ಳುವ ಗುರುತು ದೀಪಾವಳಿಯಲ್ಲ. ಆ ವರ್ಷ ಐಡಿಸಿ ಯಾರು ಗೆದ್ದರು ಎಂಬುದೇ ಗುರುತು.

ಊರಿಲ್ಲದವರ ಊರು

ಐಡಿಸಿ ಎಂದರೆ ಅಂತರಜಿಲ್ಲಾ ಫುಟ್‌ಬಾಲ್ ಚಾಂಪಿಯನ್‌ಷಿಪ್. 1938ರಲ್ಲಿ ಫಿಜಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾದ ವರ್ಷವೇ ಅದು ಶುರುವಾಯಿತು. ಮೊದಲ ಸಲ ಗೆದ್ದದ್ದು ರೇವಾ. ಎಂಟು ಹತ್ತು ಜಿಲ್ಲೆಗಳ ತಂಡಗಳು ಒಂದೇ ಊರಿನಲ್ಲಿ ಬೀಡುಬಿಟ್ಟು, ವಾರದೊಪ್ಪತ್ತಿನಲ್ಲಿ ಎಲ್ಲ ಪಂದ್ಯಗಳನ್ನೂ ಆಡಿ ಮುಗಿಸುತ್ತವೆ. ವರ್ಷದಲ್ಲಿ 1978ರಿಂದ ನಡೆಯುತ್ತಿರುವ ‘ಬ್ಯಾಟಲ್ ಆಫ್ ದಿ ಜಯಂಟ್ಸ್’ ಇದೆ, 1991ರಲ್ಲಿ ಸೇರಿಕೊಂಡ ‘ಫಿಜಿ ಫ್ಯಾಕ್ಟ್’ ಇದೆ, ಲೀಗ್ ಪಂದ್ಯಗಳಿವೆ. ಆದರೆ ಅಕ್ಟೋಬರಿನ ಐಡಿಸಿಯ ಗತ್ತು ಅವುಗಳಿಗಿಲ್ಲ. ನಮ್ಮಲ್ಲಿ ಜಾತ್ರೆಗೆ ಮಗಳು ಅಳಿಯ ಬರುವಂತೆ ಅಲ್ಲಿ ಐಡಿಸಿಗೆ ಬರುತ್ತಾರೆ, ಅದೂ ಆಕ್ಲೆಂಡ್‌ನಿಂದ, ಸಿಡ್ನಿಯಿಂದ.

ಇದು ಹೀಗಾದದ್ದು ಹೇಗೆ ಎಂಬುದಕ್ಕೆ ನನಗೆ ತೋಚುವ ಉತ್ತರ ಇಷ್ಟು. ಹಡಗಿನಲ್ಲಿ ಒಟ್ಟಿಗೆ ಉಂಡು ಮಲಗಿದ ಜನ ಜಾತಿಯನ್ನು ಅಲ್ಲಿಯೇ ಬಹುಮಟ್ಟಿಗೆ ಕಳೆದುಕೊಂಡರು. ಊರು, ಊರ ದೇವತೆ, ಊರ ತೇರು ಇವೂ ಹೋದವು. ನಮ್ಮ ಹಬ್ಬಗಳಲ್ಲಿ ಮನೆಯೊಳಗೆ ಮಾಡಿಕೊಳ್ಳುವಂಥವನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಊರಿಗೆ ಊರೇ ಸೇರಿ ಮಾಡುವ ಹಬ್ಬಕ್ಕೆ ಮಾತ್ರ ಊರು ಬೇಕೇ ಬೇಕು. ಫಿಜಿಯಲ್ಲಿ ಆ ಜಾಗದಲ್ಲಿ ಬಂದು ಕೂತದ್ದು ಸಕ್ಕರೆ ಗಿರಣಿಯ ಸುತ್ತ, ನದಿಯ ಬಯಲಿನಲ್ಲಿ ಬೆಳೆದ ಪೇಟೆಗಳು: ಬಾ, ರೇವಾ, ನಾಂದಿ, ಲೌಟೋಕಾ, ಲಂಬಾಸಾ, ನವುವಾ. ಆ ಪೇಟೆಗೊಂದು ಫುಟ್‌ಬಾಲ್ ತಂಡ, ತಂಡಕ್ಕೊಂದು ಬಣ್ಣ. ಹೊಸಬರ ಪರಿಚಯವಾದಾಗ ನಮ್ಮ ಕಡೆ ಸುತ್ತಿ ಬಳಸಿ ಜಾತಿ ವಿಚಾರಿಸುವಂತೆ ಅಲ್ಲಿ ಯಾವ ಡಿಸ್ಟ್ರಿಕ್ಟ್ ಎಂದು ನೇರವಾಗಿಯೇ ಕೇಳುತ್ತಾರೆ. ಆ ಉತ್ತರದಿಂದ ನಿಮ್ಮ ವಾಸದ ವಿಳಾಸ ಅವರಿಗೆ ಬೇಕಾಗಿರುವುದಿಲ್ಲ, ಅಕ್ಟೋಬರಿನಲ್ಲಿ ನೀವು ಯಾವ ಬಣ್ಣ ತೊಡುತ್ತೀರಿ ಎಂಬುದು ಬೇಕಾಗಿರುತ್ತದೆ.

ಚಾಚಾ ಒಂದು ವರ್ಷ ನನ್ನನ್ನು ಬಾ ಪೇಟೆಗೆ ಕರೆದುಕೊಂಡು ಹೋದರು. ಫಿಜಿಯ ಫುಟ್‌ಬಾಲ್ ಹುಚ್ಚಿಗೆ ರಾಜಧಾನಿಯೆಂದರೆ ಅದೇ. ಐಡಿಸಿಯನ್ನು ಎಲ್ಲರಿಗಿಂತ ಹೆಚ್ಚು ಸಲ, ಅದರಲ್ಲಿ 1975ರಿಂದ 1980ರವರೆಗೆ ಸತತವಾಗಿ ಆರು ವರ್ಷ, ಗೆದ್ದ ತಂಡ ಅವರದು. ಪೇಟೆಯ ನಡುವೆ ದೊಡ್ಡದೊಂದು ಫುಟ್‌ಬಾಲನ್ನು ಸ್ಮಾರಕದಂತೆ ನಿಲ್ಲಿಸಿಕೊಂಡಿದ್ದಾರೆ. ಬಾ ತಂಡದ ಬಣ್ಣ ಕಪ್ಪು. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಗೋವಿಂದ್ ಪಾರ್ಕಿನ ಗೇಟಿನ ಮುಂದೆ ಕಪ್ಪು ಅಂಗಿ, ಕಪ್ಪು ಸಲ್ವಾರ್, ಕಪ್ಪು ಕೊಡೆಗಳ ಸಾಲು ನೋಡಿದರೆ ಹೊಸಬನಿಗೆ ಯಾವುದೋ ಸಾವಿನ ಮನೆಯ ಮುಂದೆ ಬಂದೆನೇನೋ ಅನಿಸಬೇಕು. ಚಾಚಾ ಲಂಬಾಸಾದ ಕೆಂಪು ಅಂಗಿ ತೊಟ್ಟು ಆ ಕಪ್ಪಿನ ನಡುವೆ ಎದೆ ಸೆಟೆಸಿಕೊಂಡು ನಡೆದರು. ಗೇಟಿನ ಪಕ್ಕ ಕಾಗದದಲ್ಲಿ ಸುತ್ತಿದ ರೊಟ್ಟಿ ಪಾರ್ಸೆಲ್ ಮಾರುತ್ತಿದ್ದ ಹೆಂಗಸು ಅವರ ಅಂಗಿ ನೋಡಿ, ಕೆಂಪಿನವರಿಗೆ ಖಾರ ಹೆಚ್ಚು ಹಾಕಿದ್ದೇನೆ ಎಂದು ಕಿಚಾಯಿಸಿದಳು. ಒಳಗೆ ಆಲೂ ಪಲ್ಯ, ಡಬ್ಬಿ ಮೀನಿನ ಸಾರು, ಎರಡರಲ್ಲಿ ಯಾವುದು ಬೇಕೋ ಅದು. ಪಂದ್ಯದ ಉದ್ದಕ್ಕೂ ಹುಡುಗರು ತಟ್ಟೆ ಹಿಡಿದು ಭುಜಾ ಎಂಬ ಖಾರದ ಕುರುಕಲು ಮಾರುತ್ತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

ನನ್ನ ಮುಂದಿನ ಸಾಲಿನ ಮುದುಕರೊಬ್ಬರು ಕಿವಿಗೆ ರೇಡಿಯೊ ಒತ್ತಿಕೊಂಡು ಕಣ್ಣೆದುರೇ ನಡೆಯುತ್ತಿದ್ದ ಪಂದ್ಯದ ಹಿಂದಿ ವೀಕ್ಷಕ ವಿವರಣೆ ಕೇಳುತ್ತಿದ್ದರು. ರೇಡಿಯೊದವನು ಹೇಳದ ಹೊರತು ಗೋಲಾದದ್ದು ಅವರಿಗೆ ಖಾತ್ರಿಯಾಗುತ್ತಿರಲಿಲ್ಲವೆಂದು ಕಾಣುತ್ತದೆ. ಮೈದಾನದಲ್ಲಿದ್ದ ಆಟಗಾರರನ್ನು ನೋಡಿದಾಗ ಮಾತ್ರ ನನಗೆ ಹೊಸ ಗೊಂದಲ ಹುಟ್ಟಿತು. ಕಪ್ಪು ತಂಡದಲ್ಲಿಯೂ ಕೆಂಪು ತಂಡದಲ್ಲಿಯೂ ಬಹುತೇಕ ಎಲ್ಲರೂ ಇತೌಕೇ ಹುಡುಗರು. ಗೆರೆಯಾಚೆ ನಿಂತ ಕೋಚ್ ಹಿಂದಿಯಲ್ಲಿ ಕೂಗುತ್ತಿದ್ದ, ಹುಡುಗರು ಹಿಂದಿಯಲ್ಲಿಯೇ ತಿರುಗಿ ಉತ್ತರಿಸುತ್ತಿದ್ದರು, ಎದುರಾಳಿಯ ಮೇಲೆ ಸಿಟ್ಟು ಬಂದಾಗ ಬೈಗುಳವನ್ನೂ ಆ ಭಾಷೆಯಲ್ಲೇ ಉದುರಿಸುತ್ತಿದ್ದರು. 1961ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಹೆಸರಿನಿಂದ ‘ಇಂಡಿಯನ್’ ತೆಗೆದುಹಾಕಿ ಎಲ್ಲರಿಗೂ ಬಾಗಿಲು ತೆರೆದ ಮೇಲೆ ಆಟ ನಿಧಾನವಾಗಿ ಅವರ ಕಾಲಿಗೆ ದಾಟಿತು. ಆಡಳಿತ, ದುಡ್ಡು, ಗದ್ದಲ ಭಾರತೀಯ ಮೂಲದವರ ಬಳಿಯೇ ಉಳಿದವು. ಇದರಲ್ಲಿ ಒಂದು ಬಗೆಯ ಯಜಮಾನಿಕೆಯ ವಾಸನೆ ಇದೆಯೆಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸುತ್ತಿದ್ದರು, ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಇಡೀ ದೇಶದ ರಾಜಕೀಯ ಮೂಲನಿವಾಸಿ, ವಲಸಿಗ ಎಂದು ಸೀಳಿಕೊಂಡಿದ್ದ ದಶಕಗಳಲ್ಲಿ ಒಬ್ಬ ಇತೌಕೇ ಹುಡುಗ ಬಾ ಪೇಟೆಯ ಮಾನ ಕಾಯುತ್ತಿದ್ದಾನೆಂದು ಹಿಂದೂ ಅಜ್ಜಿಯೊಬ್ಬಳು ಕೈಮುಗಿದು ಕೂರುವ ಜಾಗ ಇನ್ನೆಲ್ಲಿಯೂ ಇರಲಿಲ್ಲವೆಂಬುದನ್ನೂ ಅದರ ಪಕ್ಕದಲ್ಲಿಡಬೇಕು.

ಭಾನುವಾರ ಯಾರದು?

ಫಿಜಿಯಲ್ಲಿ ರಗ್ಬಿ ಶನಿವಾರದ ಆಟ, ಫುಟ್‌ಬಾಲ್ ಭಾನುವಾರದ ಆಟ. ಕಾರಣ ಸರಳ: ರಗ್ಬಿ ಇತೌಕೇ ಜನರದು, ಅವರಲ್ಲಿ ಬಹುಪಾಲು ಮೆಥಡಿಸ್ಟ್ ಕ್ರೈಸ್ತರು, ಅವರಿಗೆ ಭಾನುವಾರ ಚರ್ಚಿನ ದಿನ. ಭಾರತೀಯ ರೈತನಿಗೂ ಅಂಗಡಿಯವನಿಗೂ ಬಿಡುವಿರುತ್ತಿದ್ದುದು ಭಾನುವಾರ. ಹೀಗೆ ಯಾರೂ ಯಾರಿಗೂ ಅಡ್ಡ ಬರದೆ ನಡೆದುಕೊಂಡು ಬಂದಿದ್ದ ಏರ್ಪಾಡಿಗೆ 1987ರಲ್ಲಿ ಕತ್ತರಿ ಬಿತ್ತು. ಆ ವರ್ಷ ಮೇ 14ರಂದು, ಅಂದರೆ ‘ಲಿಯೊನಿದಾಸ್’ ಬಂದು ಸರಿಯಾಗಿ ನೂರ ಎಂಟು ವರ್ಷ ತುಂಬಿದ ದಿನ, ಸೇನಾಧಿಕಾರಿ ಸಿತಿವೇನಿ ರಂಬುಕಾ ಭಾರತೀಯ ಮೂಲದವರ ಬಹುಮತವಿದ್ದ ಸರ್ಕಾರವನ್ನು ಕಿತ್ತೊಗೆದರು. ಸೆಪ್ಟೆಂಬರಿನಲ್ಲಿ ಎರಡನೆಯ ಕ್ಷಿಪ್ರಕ್ರಾಂತಿ. ಅದರ ಬೆನ್ನಿಗೆ ಭಾನುವಾರದ ಪಾವಿತ್ರ್ಯ ಕಾಯುವ ಆಜ್ಞೆ ಹೊರಟಿತು: ಆ ದಿನ ವ್ಯಾಪಾರವಿಲ್ಲ, ವಾಹನ ಸಂಚಾರವಿಲ್ಲ, ಆಟವಿಲ್ಲ.

ಆ ಕಾಲದ ಬಗ್ಗೆ ಚಾಚಾ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಯಂಗೋನಾ ಬೇರಿನ ಪಾನೀಯ ಕುಡಿಯುತ್ತ ಕೂತಿದ್ದಾಗ, ಸೈನಿಕರು ಬೀದಿಯಲ್ಲಿ ನಿಂತಿದ್ದಕ್ಕಿಂತ ಭಾನುವಾರ ಮಕ್ಕಳು ಬಯಲಿನಲ್ಲಿ ಚೆಂಡು ಒದೆಯಲು ಹೆದರಿದ್ದು ತಮಗೆ ಹೆಚ್ಚು ನೆನಪಿದೆ ಎಂದರು. ಆಜ್ಞೆಯನ್ನು ಸಡಿಲಿಸಹೊರಟಾಗ ಮೆಥಡಿಸ್ಟ್ ಉಗ್ರರು 1988ರ ಕೊನೆಯಲ್ಲಿ ರಸ್ತೆಗಳಿಗೆ ಅಡ್ಡ ಕಟ್ಟಿದರು. ಅದು ಪೂರ್ತಿ ಹೋಗಲು 1990ರ ದಶಕದ ನಡುಭಾಗವಾಯಿತು. ಮುಂದೆ ಕಾಲಚಕ್ರ ಬೇರೆ ಬಗೆಯಲ್ಲಿಯೂ ತಿರುಗಿತು: 2009ರಲ್ಲಿ ಅಧಿಕಾರದಲ್ಲಿದ್ದ ಇನ್ನೊಬ್ಬ ಸೇನಾನಾಯಕ ಬೈನಿಮರಾಮಾ ಮೆಥಡಿಸ್ಟ್ ಚರ್ಚಿನ ವಾರ್ಷಿಕ ಸಮಾವೇಶವನ್ನೇ ತಡೆದರು. ಇಗರ್ಜಿಗಳ ಗಾಯನ ತಂಡಗಳು ವರ್ಷವಿಡೀ ತಾಲೀಮು ಮಾಡಿ, ಹೊಸ ಬಟ್ಟೆ ಹೊಲಿಸಿಕೊಂಡು ಸ್ಪರ್ಧೆಗಿಳಿಯುತ್ತಿದ್ದುದು ಆ ಸಮಾವೇಶದಲ್ಲಿಯೇ. ಒಬ್ಬರ ಚೆಂಡನ್ನು ಕಸಿದ ದೇಶದಲ್ಲಿ ಇನ್ನೊಬ್ಬರ ಹಾಡನ್ನೂ ಕಸಿದದ್ದಾಯಿತು. 2023ರಲ್ಲಿ ಪ್ರಧಾನಿಯಾಗಿ ಮರಳಿ ಬಂದಿದ್ದ ಅದೇ ರಂಬುಕಾ ಗಿರ್ಮಿಟ್ ದಿನವನ್ನು ಸಾರ್ವಜನಿಕ ರಜೆಯೆಂದು ಘೋಷಿಸಿ, ಮೇ 14ರಂದು ಸುವಾದ ಸಭೆಯಲ್ಲಿ 1987ರ ಕೃತ್ಯಕ್ಕೆ ಕ್ಷಮೆ ಕೇಳಿದರು. ಅದನ್ನು ಮನಸಾರೆ ಒಪ್ಪಿದವರೂ ಇದ್ದಾರೆ, ಆ ವೇಳೆಗಾಗಲೇ ದೇಶ ಬಿಟ್ಟು ಹೋಗಿದ್ದವರಿಗೆ ಕ್ಷಮೆಯನ್ನು ಯಾವ ವಿಳಾಸಕ್ಕೆ ಕಳಿಸುತ್ತೀರಿ ಎಂದು ಕೇಳಿದವರೂ ಇದ್ದಾರೆ. ನನಗೆ ಎರಡನೆಯವರ ಮಾತೇ ಹೆಚ್ಚು ನ್ಯಾಯವೆನಿಸುತ್ತದೆ.

ಎರಡು ಬೆಂಕಿ

ಸುವಾದ ಹೊವೆಲ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿಯಿದೆ. ವರ್ಷಕ್ಕೊಮ್ಮೆ, ಜುಲೈ ಆಗಸ್ಟ್ ಸುಮಾರಿಗೆ, ಅಲ್ಲಿ ಕೊಂಡ ಹಾಯುತ್ತಾರೆ. ಕೊಂಡ ನೋಡುವುದಕ್ಕೆಂದು ಹಳೆ ಮೈಸೂರಿನಿಂದ ಅಷ್ಟು ದೂರ ಹೋಗಬೇಕೇ ಎಂದು ನೀವು ನಗಬಹುದು. ನನಗೂ ಹಾಗೆಯೇ ಅನಿಸಿ ಮೊದಲ ವರ್ಷ ಹೋಗಿರಲಿಲ್ಲ. ಹರಕೆ ಹೊತ್ತವರು ಹತ್ತು ದಿನ ಮಾಂಸ, ಮದ್ಯ, ಸಂಸಾರ ಬಿಟ್ಟು ಗುಡಿಯಲ್ಲೇ ಉಳಿದಿರುತ್ತಾರೆ. ಕೊಂಡದ ದಿನ ಸಮುದ್ರದ ಕಡೆಯ ಸುವಾ ಪಾಯಿಂಟ್‌ನಲ್ಲಿ ಮಿಂದು, ಅರಿಶಿನ ಬಳಿದುಕೊಂಡು, ಕೆನ್ನೆಗೂ ನಾಲಿಗೆಗೂ ಶೂಲ ಚುಚ್ಚಿಸಿಕೊಂಡು, ಕರಗದ ಹಿಂದೆ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಸುಲು ಉಟ್ಟ ಇತೌಕೇ ಪೊಲೀಸರು ವಾಹನ ತಡೆದು ಅಮ್ಮನಿಗೆ ದಾರಿ ಬಿಡಿಸುತ್ತಾರೆ.

ನಾನು ಗುಂಡಿಯ ಬದಿಗೆ ಕಟ್ಟಿದ್ದ ಹಗ್ಗಕ್ಕೆ ಒತ್ತಿಕೊಂಡು ನಿಂತಿದ್ದೆ. ಉದ್ದನೆ ಕೋಲಿನ ಹಲುಬೆ ಹಿಡಿದ ಇಬ್ಬರು ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಕೆಂಡ ಹರವುತ್ತಿದ್ದರು. ಹಲುಬೆ ಎಳೆದಾಗಲೆಲ್ಲ ಮೇಲಿನ ಬೂದಿ ಹಾರಿ ಒಳಗಿನ ಕೆಂಪು ಕಾಣಿಸಿ, ಹಗ್ಗದ ಬಳಿ ನಿಂತವರೆಲ್ಲ ಒಮ್ಮೆಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಾಯ್ದವರು ಓಡಲಿಲ್ಲ. ದಿನಸಿ ಅಂಗಡಿಯಲ್ಲಿ ನನಗೆ ದಿನಾ ಚಿಲ್ಲರೆ ಕೊಡುತ್ತಿದ್ದ ಹುಡುಗನೂ ಅವರಲ್ಲಿದ್ದ, ಅವನು ದಾಟಿದ್ದಲ್ಲದೆ ಸುತ್ತು ಬಂದು ಮತ್ತೆ ದಾಟಿದ. ಅವನ ಹಿರಿಯರು ಬಂದದ್ದು ಬಿಹಾರದ ಕಡೆಯಿಂದ, ಮಾರಿಯಮ್ಮ ಅವರ ಮನೆದೇವರಲ್ಲ. ತಾಯಿಗೆ ಕಾಯಿಲೆಯಾಗಿದ್ದಾಗ ಹರಕೆ ಹೊತ್ತಿದ್ದನಂತೆ. ಅಮ್ಮನ ಮುಂದೆ ಯಾವ ಭಾಷೆಯವರು, ಯಾವ ಕುಲದವರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಫಿಜಿಯಲ್ಲಿ ಇನ್ನೊಂದು ಬೆಂಕಿಯಿದೆ. ಸುವಾದ ಪಶ್ಚಿಮಕ್ಕೆ, ಸಮುದ್ರದಾಚೆ ಕಾಣುವ ಬೆಂಗಾ ನಡುಗಡ್ಡೆಯ ಸಾವಾವು ಕುಲದವರು ಗಂಟೆಗಟ್ಟಲೆ ಕಾಯಿಸಿದ ಕಲ್ಲುಗಳ ಮೇಲೆ ನಡೆಯುತ್ತಾರೆ. ಅವರ ಪೂರ್ವಿಕನೊಬ್ಬ ಹೊಳೆಯಲ್ಲಿ ಹಾವುಮೀನು ಹಿಡಿದನಂತೆ, ಅದು ಒಂದು ಚೇತನವಾಗಿ ಮಾತಾಡಿ ಬಿಟ್ಟುಬಿಡೆಂದು ಬೇಡಿಕೊಂಡಿತಂತೆ, ಬದಲಿಗೆ ಬೆಂಕಿಯನ್ನು ಗೆಲ್ಲುವ ವರ ಕೊಟ್ಟಿತಂತೆ. ನಡೆಯುವ ಮುಂಚೆ ಅವರಿಗೂ ನೇಮವಿದೆ: ಹೆಂಡತಿಯಿಂದ ದೂರವಿರಬೇಕು, ತೆಂಗಿನಕಾಯಿ ತಿನ್ನಬಾರದು. ಎರಡರ ಹೋಲಿಕೆ ಎದ್ದು ಕಾಣುತ್ತದೆ, ಅವುಗಳ ಈಗಿನ ಬದುಕು ಮಾತ್ರ ಪೂರಾ ಬೇರೆ. ಸಾವಾವು ಜನ ಇಂದು ಕರಾವಳಿಯ ಹೋಟೆಲುಗಳ ಹುಲ್ಲುಹಾಸಿನ ಮೇಲೆ ಪ್ರವಾಸಿಗರಿಗಾಗಿ ನಡೆಯುತ್ತಾರೆ. ಮಾರಿಯಮ್ಮನ ಕೊಂಡ ಗುಡಿಯ ಅಂಗಳ ಬಿಟ್ಟು ಕದಲಿಲ್ಲ. ಇದನ್ನು ಕೇಳಿದ ಕೂಡಲೇ ಒಂದು ಭಕ್ತಿ, ಇನ್ನೊಂದು ವ್ಯಾಪಾರ ಎಂದು ತೀರ್ಪು ಕೊಡಲು ಬಾಯಿ ತುರಿಸುತ್ತದೆ. ನನಗೆ ಹಾಗೆ ಹೇಳಲು ಆಗುವುದಿಲ್ಲ. ಸಾವಾವು ಜನರಿಗೆ ಆ ವರ ತಮ್ಮದು, ತಮ್ಮ ರಕ್ತದವರದು ಎಂಬ ಖಚಿತವಾದ ಒಡೆತನವಿದೆ. ತಮ್ಮ ನೆಲದಲ್ಲಿ ನಿಂತವರು ತಮ್ಮದನ್ನು ತೋರಿಸಿ ಹಣ ಪಡೆದು ಊರಿಗೂ ಚರ್ಚಿಗೂ ಕೊಡಬಲ್ಲರು. ನೆಲ ತಮ್ಮದಲ್ಲದ ಕಡೆ ಗುಡಿ ಕಟ್ಟಿದವರಿಗೆ ಕೊಂಡವೊಂದೇ ಅಚ್ಚಳಿಯದ ಗುರುತು. ಅದನ್ನು ಹೋಟೆಲಿಗೆ ಒಯ್ದರೆ ಉಳಿಯುವುದೇನು ಎಂಬ ಅಂಜಿಕೆ ಅವರಿಗೆ ಇದ್ದಿರಬೇಕು.

ಹೊರಗಿನವರಿಗಾಗಿಯೇ ಹುಟ್ಟಿದ ಹಬ್ಬಗಳೂ ಇವೆ. ಸುವಾದ ಹೈಬಿಸ್ಕಸ್ ಉತ್ಸವ, ನಮ್ಮ ಮಾತಿನಲ್ಲಿ ದಾಸವಾಳದ ಹಬ್ಬ, 1956ರಲ್ಲಿ ಹವಾಯಿಯ ಮಾದರಿ ನೋಡಿಕೊಂಡು ಪ್ರವಾಸಿಗರನ್ನು ಸೆಳೆಯಲೆಂದು ಶುರುವಾದದ್ದು. ಆಗಸ್ಟಿನ ಶಾಲಾ ರಜೆಯಲ್ಲಿ ತೊಟ್ಟಿಲು, ತಿಂಡಿ ಮಳಿಗೆ, ಅಂಗಡಿಗಳ ಪ್ರಾಯೋಜಕತ್ವದ ರಾಣಿಯ ಸ್ಪರ್ಧೆ ಎಲ್ಲ ಇರುತ್ತವೆ. ನಾಂದಿಗೆ ಬುಲಾ ಉತ್ಸವ, ಲೌಟೋಕಾಕ್ಕೆ ಸಕ್ಕರೆ ಉತ್ಸವ. ಮಕ್ಕಳಿಗೆ ಖುಷಿ ಕೊಡುವ ಅವುಗಳ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ.

ಏಳು ಡಾಲರಿನ ನೋಟು

ಫಿಜಿಯ ಕ್ರೀಡೆಯ ಬಗ್ಗೆ ಬರೆದು ರಗ್ಬಿ ಸೆವೆನ್ಸ್ ಬಿಟ್ಟರೆ ಅಲ್ಲಿನವರು ನನ್ನನ್ನು ಕ್ಷಮಿಸಲಾರರು. ತಂಡಕ್ಕೆ ಏಳು ಜನ, ಏಳೇಳು ನಿಮಿಷಗಳ ಎರಡು ಅವಧಿ, ಅಷ್ಟೇ. ಹಳ್ಳಿಗಳ ಹೆಸರು ಹೊತ್ತ ತಂಡಗಳು 1976ರಿಂದ ನಡೆಯುತ್ತಿರುವ ಮಾರಿಸ್ಟ್ ಸೆವೆನ್ಸ್‌ನಂಥ ಟೂರ್ನಿಗಳಿ‌ಗೆ ಬರುತ್ತವೆ, ಅಲ್ಲಿ ಕಣ್ಣಿಗೆ ಬಿದ್ದ ಹುಡುಗ ರಾಷ್ಟ್ರ ತಂಡ ಸೇರುತ್ತಾನೆ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ 44 ಜನರನ್ನು ಬಲಿ ತೆಗೆದುಕೊಂಡು ಹಳ್ಳಿಗಳನ್ನು ನೆಲಸಮ ಮಾಡಿತ್ತು. ಆರು ತಿಂಗಳಿಗೆ ರಿಯೊ ಒಲಿಂಪಿಕ್ಸ್ ಬಂತು. ಫೈನಲ್ ನಡೆದಾಗ ಫಿಜಿಯಲ್ಲಿ ಶುಕ್ರವಾರ ಬೆಳಗಿನ ಹತ್ತು ಗಂಟೆ. ಬ್ರಿಟನ್ನನ್ನು 43–7ರಿಂದ ಸೋಲಿಸಿ ಫಿಜಿ ತನ್ನ ಒಲಿಂಪಿಕ್ ಚರಿತ್ರೆಯ ಮೊದಲ ಪದಕ ಗೆದ್ದಿತು, ಅದೂ ಚಿನ್ನ, ಅದೂ ತನ್ನನ್ನು ಆಳಿದ್ದ ದೇಶದ ಎದುರು. ಕೇಂದ್ರ ಬ್ಯಾಂಕು ಮುಂದಿನ ವರ್ಷ ನಾಯಕ ಓಸಿಯಾ ಕೊಲಿನಿಸಾವು ಅವರ ಚಿತ್ರವಿರುವ ಏಳು ಡಾಲರಿನ ನೋಟು ಹೊರಡಿಸಿತು. ಚಾಚಾ ಅದನ್ನು ದೇವರ ಪಟದ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದರು. ಟೋಕಿಯೊದಲ್ಲಿ ನ್ಯೂಜಿಲೆಂಡನ್ನು ಸೋಲಿಸಿ ಮತ್ತೆ ಚಿನ್ನ, 2024ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿಗೆ ಸೋತು ಬೆಳ್ಳಿ.

ಆ ಶುಕ್ರವಾರ ದೇಶವೆಲ್ಲ ಒಂದಾಯಿತೆಂದು ಪತ್ರಿಕೆಗಳು ಬರೆದವು, ಅದು ಸುಳ್ಳೂ ಅಲ್ಲ. ಹಿಂದೂ ಅಂಗಡಿಯವರು ಅಂಗಡಿ ತೆರೆದಿಟ್ಟು ಬೀದಿಯಲ್ಲಿ ಕುಣಿದದ್ದನ್ನು ನನಗೆ ಹಲವರು ವರ್ಣಿಸಿ ಹೇಳಿದ್ದಾರೆ. ಆದರೂ ರಗ್ಬಿಯಲ್ಲಿ ಭಾರತೀಯ ಮೂಲದವನು ಚಪ್ಪಾಳೆ ತಟ್ಟುವವನಾಗಿಯೇ ಉಳಿಯುತ್ತಾನೆ. ಅವನ ಮಗ ಆ ತಂಡದಲ್ಲಿ ಆಡುವ ಕನಸು ಕಾಣುವುದು ಅಪರೂಪ. ಐಡಿಸಿಯಲ್ಲಿ ಅವನು ಟಿಕೆಟ್ ಕೊಂಡವನು, ಚಂದಾ ಎತ್ತಿದವನು, ಕೋಚನ್ನು ಬೈಯುವ ಹಕ್ಕಿರುವವನು. ಒಂದು ಹಬ್ಬ ನಿಮ್ಮದೆಂದು ಹೇಳಬೇಕಾದರೆ ಅದರ ವ್ಯವಸ್ಥೆ ಕೆಟ್ಟದ್ದಕ್ಕೆ ನೀವು ಜಗಳ ತೆಗೆಯುವಷ್ಟು ಸಲಿಗೆ ಇರಬೇಕು.

ಲಂಬಾಸಾದವರು

ಚಾಚಾ ಲಂಬಾಸಾದಲ್ಲಿ ಕಬ್ಬು ಬೆಳೆಯುತ್ತಿದ್ದವರು. ಲಂಬಾಸಾ ಇರುವುದು ಉತ್ತರದ ವನುವಾ ಲೇವು ದ್ವೀಪದಲ್ಲಿ, ಸುವಾದಿಂದ ರಾತ್ರಿಯಿಡೀ ಹಡಗಿನ ಪ್ರಯಾಣ. ಫಿಜಿಯ ನೆಲದ ಬಹುಪಾಲು ಇತೌಕೇ ಕುಲಗಳ ಸೊತ್ತು, ಅದನ್ನು ಮಾರುವಂತಿಲ್ಲ. ರೈತರು ಉತ್ತಿದ್ದು ಗೇಣಿಯ ಮೇಲೆ. 1960ರ ದಶಕದಲ್ಲಿ ಸಿಕ್ಕಿ, 1976ರ ಕಾಯ್ದೆಯಿಂದ ಒಟ್ಟು ಮೂವತ್ತು ವರ್ಷಗಳಿಗೆ ವಿಸ್ತರಣೆಯಾಗಿದ್ದ ಗೇಣಿ ಅವಧಿಗಳು 1997ರಿಂದ ಒಂದೊಂದಾಗಿ ಮುಗಿಯತೊಡಗಿದವು. ಮುಂದುವರಿಸಲು ಒಪ್ಪದ ನೆಲದೊಡೆಯರ ಮೇಲೆ ಸಿಟ್ಟಾಗಲು ಚಾಚಾರಿಗೆ ಆಗುತ್ತಿರಲಿಲ್ಲ, ಅವರ ಮಕ್ಕಳಿಗೂ ನೆಲ ಬೇಕಲ್ಲ ಎನ್ನುತ್ತಿದ್ದರು. ತಾತ ಕಟ್ಟಿದ ಮನೆಯ ತಗಡು, ಮರಗಳನ್ನು ಬಿಚ್ಚಿಕೊಂಡು ಹಡಗು ಹತ್ತಿ ನಾಸಿನುವಿಗೆ ಬಂದರು. ಹಾಗೆ ಬಂದವರು ಸಾವಿರಾರು ಜನ. ಹೀಗಾಗಿ ಲಂಬಾಸಾ ತಂಡ ಸುವಾದಲ್ಲಿಯೋ ನೌಸೋರಿಯಲ್ಲಿಯೋ ಆಡಿದಾಗ ಅಂಗಣದ ಅರ್ಧಕ್ಕರ್ಧ ಕೆಂಪಾಗಿರುತ್ತದೆ, ಸ್ಥಳೀಯ ತಂಡಕ್ಕೇ ಅದು ಪರಸ್ಥಳ.

ನಮ್ಮವರಿಗೆ ಲಂಬಾಸಾದ ಪರಿಚಯ ಗೊತ್ತಿಲ್ಲದೆಯೇ ಆಗಿದೆ. 2022ರಲ್ಲಿ ಬೆಂಗಳೂರು ಎಫ್‌ಸಿ ಡ್ಯುರಾಂಡ್ ಕಪ್ ಗೆದ್ದಾಗ ಮುಂಚೂಣಿಯಲ್ಲಿ ಆಡಿದ್ದ ರಾಯ್ ಕೃಷ್ಣ ಲಂಬಾಸಾದ ಹುಡುಗ, ಆ ಊರಿನ ತಂಡದಿಂದಲೇ ಮೇಲೆ ಬಂದವರು, ಫಿಜಿಯ ನಾಯಕ. ಕಂಠೀರವ ಕ್ರೀಡಾಂಗಣದಲ್ಲಿ ಅವರ ಹೆಸರು ಕೂಗಿದವರಲ್ಲಿ ಹೆಚ್ಚಿನವರು ಅವರನ್ನು ಯಾವುದೋ ಭಾರತೀಯ ಊರಿನವರೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ನಾನು ಈ ಸುದ್ದಿಯನ್ನು ಚಾಚಾರಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದರೆ ಅವರು, ನಿಮ್ಮವರು ಅವನಿಗೆ ಸರಿಯಾಗಿ ಪಾಸ್ ಕೊಡುತ್ತಿಲ್ಲ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಈಗ ಚಾಚಾರ ಮಗಳು ಆಕ್ಲೆಂಡ್‌ನಲ್ಲಿದ್ದಾಳೆ. ಅಲ್ಲಿಯೂ ಸಿಡ್ನಿಯಲ್ಲಿಯೂ ಕೆನಡಾ, ಕ್ಯಾಲಿಫೋರ್ನಿಯಾಗಳಲ್ಲಿಯೂ ಫಿಜಿಯವರ ಫುಟ್‌ಬಾಲ್ ಟೂರ್ನಿಗಳು ನಡೆಯುತ್ತವೆ, ತಂಡಗಳಿಗೆ ಬಾ, ನಾಂದಿ, ಲಂಬಾಸಾ ಎಂಬ ಅದೇ ಹೆಸರುಗಳು. ನಾನಿದ್ದಾಗ ಒಂದು ಅಕ್ಟೋಬರಿನಲ್ಲಿ ಅವಳು ಮಗನನ್ನು ಕರೆದುಕೊಂಡು ಬಂದಿದ್ದಳು. ಹುಡುಗ ಹುಟ್ಟಿ ಬೆಳೆದದ್ದೆಲ್ಲ ನ್ಯೂಜಿಲೆಂಡಿನಲ್ಲಿ, ಲಂಬಾಸಾವನ್ನು ನಕ್ಷೆಯಲ್ಲಿ ಬಿಟ್ಟರೆ ಎಲ್ಲಿಯೂ ನೋಡಿರಲಿಲ್ಲ. ಮೊಣಕಾಲು ಮುಟ್ಟುವ ಕೆಂಪು ಅಂಗಿ ತೊಟ್ಟು ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತು, ಗೋಲ್‌ಕೀಪರನ್ನು ಬದಲಿಸದೆ ನಾವು ಸೋತೆವೆಂದು ತಾತನ ಜೊತೆ ಹಿಂದಿ ಇಂಗ್ಲಿಷ್ ಬೆರೆಸಿ ಜಗಳಕ್ಕೆ ನಿಂತ. ಗೋಲ್‌ಕೀಪರನದು ತಪ್ಪಿಲ್ಲ, ಹಿಂದಿನ ಸಾಲು ನಿದ್ದೆ ಮಾಡುತ್ತಿತ್ತು ಎಂದು ಚಾಚಾ. ಬಸ್ಸು ನಾಸಿನು ಮುಟ್ಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ಇತೌಕೇ ಮಹಿಳೆಯೊಬ್ಬರೂ ಮಾತಿಗೆ ಸೇರಿಕೊಂಡು, ಹುಡುಗ ಹೇಳುವುದೇ ಸರಿ ಎಂದು ತೀರ್ಮಾನ ಕೊಟ್ಟರು.